ಶೇಲ್ ಎಣ್ಣೆಗೆ ಮೊದಲು ಆಮ್ಲ, ಆಮೇಲೆ ಸೋಡಾ ಏಕೆ?
ಸ್ಕಾಟ್ಲೆಂಡಿನ ಕಾರ್ಖಾನೆಗಳಲ್ಲಿ, ಶೇಲ್ ಎಂಬ ಪದರಗಲ್ಲನ್ನು ಕಾಯಿಸಿ ತೆಗೆದ ಒಂದೇ ಎಣ್ಣೆಗೆ ಆಮ್ಲವನ್ನೂ ಕ್ಷಾರವನ್ನೂ ಏಕೆ ಹಾಕುತ್ತಿದ್ದರು, ಒಂದನ್ನೊಂದು ಕೊಲ್ಲುವುದಿಲ್ಲವೇ ಎಂದು ಕೇಳಿದ್ದೀರಿ. ಎರಡನ್ನೂ ಒಟ್ಟಿಗೆ ಹಾಕುತ್ತಿರಲಿಲ್ಲ, ಅಷ್ಟೇ.

ಕಲ್ಲನ್ನು ಕಾಯಿಸುವ ಮುಚ್ಚಿದ ಪಾತ್ರೆಯಾದ ರಿಟಾರ್ಟಿನಿಂದ ಬಂದ ಕಚ್ಚಾ ಎಣ್ಣೆಯನ್ನು ಮೊದಲು ಬಟ್ಟಿ ಇಳಿಸುತ್ತಿದ್ದರು. ಬಳಿಕ ತೊಟ್ಟಿಯಲ್ಲಿ ಗಂಧಕಾಮ್ಲ ಬೆರೆಸಿ ಚೆನ್ನಾಗಿ ಕಲಕಿ, ನಿಲ್ಲಲು ಬಿಡುತ್ತಿದ್ದರು. ಪಿರಿಡಿನ್‌ನಂಥ ಸಾರಜನಕದ ಪ್ರತ್ಯಾಮ್ಲಗಳೂ ಅಂಟು ಪದಾರ್ಥಗಳೂ ಕಪ್ಪು ಡಾಂಬರಾಗಿ ತಳಕ್ಕಿಳಿಯುತ್ತವೆ. ಅದನ್ನು ಪೂರ್ತಿ ಬಸಿದ ಮೇಲೆಯೇ ಕಾಸ್ಟಿಕ್ ಸೋಡಾ ಎಂಬ ಕ್ಷಾರ: ಅದು ಫೀನಾಲ್‌ಗಳೆಂಬ ಆಮ್ಲಗುಣದ ವಸ್ತುಗಳನ್ನು ಎಳೆದುಕೊಂಡು, ಉಳಿದ ಆಮ್ಲವನ್ನೂ ಮುಗಿಸುತ್ತದೆ. ಡಾಂಬರು ಸರಿಯಾಗಿ ಬಸಿಯದಿದ್ದರೆ ಸೋಡಾ ಸುಮ್ಮನೆ ಖರ್ಚು. ಎಣ್ಣೆ, ನೀರು ನೊರೆಗಟ್ಟಿ ಬೇರ್ಪಡುವುದೇ ಇಲ್ಲ. ಎಣ್ಣೆ ಬಿಸಿಯಿದ್ದಾಗ ಆಮ್ಲ ಹಾಕಿದರೆ ಒಳ್ಳೆಯ ಎಣ್ಣೆಯೂ ಸುಟ್ಟು ಕಪ್ಪಾಗುತ್ತದೆ.

ಆಮ್ಲದ ಡಾಂಬರನ್ನೂ ಬಿಸಾಡುತ್ತಿರಲಿಲ್ಲ. ನೀರಿನಲ್ಲಿ ತೊಳೆದು ತೆಗೆದ ಆಮ್ಲ ಅಮೋನಿಯಂ ಸಲ್ಫೇಟ್ ಗೊಬ್ಬರಕ್ಕೆ, ಉಳಿದ ಡಾಂಬರು ಬಟ್ಟಿಯ ಒಲೆಗೆ. (ಜಿಪುಣತನವೇ ಈ ಉದ್ಯಮವನ್ನು 1962ರವರೆಗೆ ಎಳೆದದ್ದು ಎಂದರೂ ತಪ್ಪಿಲ್ಲ.)

ಇದೇ ಎಣ್ಣೆಯಲ್ಲಿದ್ದ ಮೇಣವನ್ನು ತೆಗೆಯುತ್ತಿದ್ದುದು ಮಾತ್ರ ರಾಸಾಯನಿಕದಿಂದಲ್ಲ: ಭಾರದ ಎಣ್ಣೆಯನ್ನು ತಣಿಸಿ, ಹರಳುಗಟ್ಟಿದ ಮೇಲೆ ಬಟ್ಟೆಯ ಮೂಲಕ ಒತ್ತಿ ಸೋಸುವ ಫಿಲ್ಟರ್ ಪ್ರೆಸ್ಸಿನಲ್ಲಿ ಹಿಂಡುತ್ತಿದ್ದರು. ತಣಿಸುವುದು ನಿಧಾನವಾಗಬೇಕು, ಅವಸರಪಟ್ಟರೆ ಹರಳು ಸಣ್ಣದಾಗಿ ಬಟ್ಟೆಯ ಕಣ್ಣು ಕಟ್ಟುತ್ತದೆ.