ಇದು ನಮ್ಮ ಅಜ್ಜಿ ಅಲ್ಲ

ಓದುಗರ ಪತ್ರ:

"ಅಮ್ಮ, ನಮ್ಮ ಆಯಿ, ತೀರಿಕೊಂಡು ಬರುವ ತಿಂಗಳಿಗೆ ವರ್ಷ. ವರ್ಷಾಂತಕ್ಕೆ ಬಂದವರಿಗೆ ಕೊಡಲು ಅವಳ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡಬೇಕೆಂದಿದ್ದೇನೆ. ನಾಲ್ಕು ಪುಟ ಬರೆದೆ. ಹತ್ತು ವರ್ಷದ ಮಗಳು ಓದಿ, 'ಇದು ನಮ್ಮ ಅಜ್ಜಿ ಅಲ್ಲ. ಅಜ್ಜಿ ಬೈತಿದ್ರು, ಇದರಲ್ಲಿ ಬೈಯೋದೇ ಇಲ್ಲ' ಅಂದಳು. ಆಯಿ ದೊಡ್ಡ ಸಾಧನೆ ಮಾಡಿದವಳಲ್ಲ. ಶಿರಸಿ ತಾಲ್ಲೂಕಿನ ಸಾಲ್ಕಣಿ ಕಡೆಯ ಮನೆ, ತೋಟ, ಅಡಿಗೆ, ಇಷ್ಟೇ. ನನ್ನ ತಮ್ಮನ ಹೆಂಡತಿಯ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದಳು. ಅದನ್ನೆಲ್ಲ ಬರೆಯಬಾರದು ಅಲ್ವಾ? ಅವಳು ಹಾಕಿಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಅರ್ಧ ಭರಣಿ ಹಾಗೇ ಇದೆ. ಮುಟ್ಟಲು ಮನಸ್ಸೇ ಬರುತ್ತಿಲ್ಲ. ಬರೆದ ಪುಟಗಳನ್ನು ಜೊತೆಗಿಟ್ಟಿದ್ದೇನೆ."
— ಓದುಗರೊಬ್ಬರು, ಹುಬ್ಬಳ್ಳಿ

ಸಂಪಾದಕರ ಉತ್ತರ:

ಅಕ್ಕಾ,

ನಿಮ್ಮ ಮಗಳು ಹೇಳಿದ್ದು ಸರಿ. ನಾಲ್ಕೂ ಪುಟ ಎರಡು ಸಲ ಓದಿದೆ. ತ್ಯಾಗಮಯಿ, ಸಹನಾಮೂರ್ತಿ, ಅನ್ನಪೂರ್ಣೆ ಎಲ್ಲರೂ ಬಂದು ಕೂತಿದ್ದಾರೆ. ನಿಮ್ಮ ಆಯಿಗೆ ಮಾತ್ರ ಜಾಗ ಸಿಕ್ಕಿಲ್ಲ.

ಬೇಜಾರು ಮಾಡ್ಕೋಬೇಡಿ. ನನ್ನ ಅಜ್ಜಿ ಹೋದಾಗ ನಾನೂ ಇದೇ ಪತ್ರಿಕೆಯಲ್ಲಿ ಒಂದು ಪುಟ ಹೀಗೇ ಬರೆದಿದ್ದೆ. ಕುಮಟಾದ ನಮ್ಮ ಕೇರಿಗೆ ಮೀನು ತರುತ್ತಿದ್ದ ಅಕ್ಕ ಅದನ್ನು ಮಗನ ಕೈಲಿ ಓದಿಸಿ ಕೇಳಿ ನಕ್ಕೇಬಿಟ್ಟಳು. "ನಿಮ್ಮ ಅಜ್ಜಿಗೆ ಸಹನೆಯಾ? ಒಂದೊಂದು ಬಂಗಡೆಯ ಕಿವಿರು ಎತ್ತಿ ನೋಡ್ತಿದ್ರು. ಒಂದರ ಬಣ್ಣ ಮಾಸಿದ್ರೂ ಬುಟ್ಟಿಯೇ ವಾಪಸ್. ಆದ್ರೆ ಮಳೆಗಾಲದಲ್ಲಿ ದೋಣಿ ನಿಂತಾಗ ಸುಮ್ನೆ ಕರೆದು ಅಕ್ಕಿ ಕೊಡ್ತಿದ್ದವರೂ ಅವರೇ" ಅಂದಳು. ಅಕ್ಕಿಯ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅದಕ್ಕೇ ಹೇಳುವುದು, ಮೊದಲು ಹೊರಗಿನವರನ್ನು ಕೇಳಿ. ನಿಮ್ಮ ಮನೆಗೆ ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸರಲ್ಲಿ ಒಬ್ಬಿಬ್ಬರಾದರೂ ಇರಬೇಕಲ್ಲ? ಚಳಿಗಾಲದ ರಾತ್ರಿ ಮೆಟ್ಟುಗತ್ತಿ ಮುಂದಿಟ್ಟುಕೊಂಡು ಸಾಲಾಗಿ ಕೂತಾಗ ಬರುವ ಮಾತು ಮಕ್ಕಳ ಎದುರು ಬರುವುದಿಲ್ಲ.

ಇನ್ನು 'ದೊಡ್ಡ ಸಾಧನೆ ಇಲ್ಲ' ಅಂದಿದ್ದೀರಿ. ನಿಮ್ಮದೇ ನಾಲ್ಕನೇ ಪುಟದ ಕೊನೆಗೆ ಒಂದು ಸಾಲಿದೆ: 'ಒಮ್ಮೆ ಮರ ಅಪ್ಪಲಿಕ್ಕೂ ಹೋಗಿದ್ದಳಂತೆ.' ಅಲ್ಲಿಗೆ ಬಿಟ್ಟು ಮತ್ತೆ ಅನ್ನಪೂರ್ಣೆಗೆ ಹೋಗಿದ್ದೀರಿ! ಅಕ್ಕಾ, 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಸುತ್ತಿನ ಜನ ಕಳಸೆ ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದೇ ಹಾಗೆ. ಆಯಿ ಹೋದದ್ದು ಆ ದಿನವೋ, ಆಮೇಲೋ? ವಿಚಾರಿಸಿ. ಸೆಪ್ಟೆಂಬರ್ ಅಂದರೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಕಾಡಿನ ತುಂಬ ರಕ್ತ ಹೀರುವ ಉಂಬಳ. ಯಾರ ಜೊತೆ ಹೋದಳು? ಅವತ್ತು ಮನೆಯಲ್ಲಿ ಹಾಲು ಕರೆದದ್ದು ಯಾರು, ಅನ್ನಕ್ಕೆ ಇಟ್ಟದ್ದು ಯಾರು? ನಿಮ್ಮನ್ನು ಯಾರ ಹತ್ತಿರ ಬಿಟ್ಟು ಹೋಗಿದ್ದಳು? ವಾಪಸ್ ಬಂದಾಗ ಅಪ್ಪ ಏನಂದರು? ಚಳವಳಿಯ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ಆ ದಿನ ನಿಮ್ಮ ಮನೆಯ ಒಲೆ ಯಾರು ಹಚ್ಚಿದರು ಅಂತ ಬರೆಯಲು ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ಹುಟ್ಟಿದ ದಿನ 1948ರ ಜೂನ್ 1 ಅಂತ ಹಾಕಿದ್ದೀರಿ. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ತಾರೀಖು ಇರಬೇಕು. ಆ ಕಾಲದ ಅರ್ಧ ಊರು ಹುಟ್ಟಿದ್ದೇ ಜೂನ್ 1ಕ್ಕೆ. ಶಿರಸಿ ಸೀಮೆಯವರ ನೆನಪು ನಿಲ್ಲುವುದು ಮಾರಿಕಾಂಬೆಯ ಜಾತ್ರೆಯ ಮೇಲೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಲೆಕ್ಕ ಹಿಡಿಯುವುದು ಸುಲಭ. ಆಯಿಯ ವಾರಿಗೆಯವರನ್ನು 'ಯಾವ ವರ್ಷ' ಅಂತ ಕೇಳಬೇಡಿ, 'ಯಾವ ಜಾತ್ರೆಗೆ' ಅಂತ ಕೇಳಿ. ಬಳೆ ಇಡಿಸಿಕೊಂಡದ್ದು, ಮಗು ಕಳೆದು ಸಿಕ್ಕಿದ್ದು ಎಲ್ಲ ಸಾಲಾಗಿ ಬರುತ್ತದೆ. ಹಾಗಂತ ಜೂನ್ 1 ಅನ್ನೇ ನಂಬಿದರೂ ಒಂದು ಮಜಾ ಇದೆ. ಅಕ್ಷರ ಕಲಿಯುವಾಗ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು, ಆಯಿ ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದು ಅಲ್ಲಿ. 1973ರಲ್ಲಿ ಅದಕ್ಕೇ ಕರ್ನಾಟಕ ಅಂತ ಹೆಸರಾಯಿತು. ತಾಲ್ಲೂಕು ದಾಟದ ಹೆಂಗಸು, ಮೂರು ರಾಜ್ಯದ ಹೆಸರು ಬರೆದಳು.

ಕಾಡಿನ ಸಸಿ ಬೆಳೆಸುತ್ತಿದ್ದ ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ 2024ರ ಡಿಸೆಂಬರ್‌ನಲ್ಲಿ ಹೋದರು. ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತಂದವರು. ಆದರೂ ಈ ಕಡೆ ಅವರ ಮಾತು ಬಂದರೆ ಜನ ಹೇಳುವುದು, ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕೆಂದು ಆ ಅಜ್ಜಿಗೆ ಗೊತ್ತಿತ್ತು ಅಂತ. ನಿಮ್ಮ ಆಯಿಯ ಕೈಗೆ ಏನು ಗೊತ್ತಿತ್ತು? ನಿಮ್ಮ ಪತ್ರ ಓದಿದರೆ ನನಗೆ ಕಾಣುವುದು ಆ ಭರಣಿ.

ನೆಲಕ್ಕೆ ಬಿದ್ದ ಮಿಡಿ ಒಳಗೆ ಸೇರಬಾರದು, ಪೆಟ್ಟಾದದ್ದು ಮೆತ್ತಗಾಗಿ ಪಕ್ಕದ್ದನ್ನೂ ಕೆಡಿಸುತ್ತೆ. ತೊಟ್ಟು ಸಮೇತ ಕೊಯ್ಯಬೇಕು, ಪರಿಮಳ ಇರುವುದೇ ಸೊನೆಯಲ್ಲಿ. ಉಪ್ಪಲ್ಲಿ ಮಿಡಿ ಚಿರುಟಿದ ಮೇಲೇ ಸಾಸಿವೆ, ಖಾರ. ಇಷ್ಟು ಘಟ್ಟದ ಮೇಲಿನ ಎಲ್ಲ ಮನೆಗೂ ಗೊತ್ತು. ಆದರೆ ಚಿರುಟಿದ್ದು ಸಾಕು ಅಂತ ಆಯಿ ಹೇಗೆ ನೋಡುತ್ತಿದ್ದಳು? ಒತ್ತಿಯಾ, ಕಚ್ಚಿಯಾ? ಉಪ್ಪು ಸಿದ್ದೆಯಲ್ಲಿ ಅಳೆಯುತ್ತಿದ್ದಳಾ, ಬರೀ ಕೈಯಲ್ಲಾ? ಇದು ಹುಬ್ಬಳ್ಳಿಯಲ್ಲಿ ಕೂತ ನಿಮಗೆ ಗೊತ್ತಿರಲಿಕ್ಕಿಲ್ಲ. ಜಾಸ್ತಿ ಗೊತ್ತಿರುವುದು ನಿಮ್ಮ ತಮ್ಮನ ಹೆಂಡತಿಗೆ.

ಹೌದು, ಆಯಿ ಮಾತು ಬಿಟ್ಟಿದ್ದ ಅವರಿಗೇ. ಬರೆಯಬಹುದಾ ಅಂತ ನನ್ನನ್ನು ಕೇಳಿದ್ದೀರಿ, ಕೇಳಬೇಕಾದದ್ದು ಅವರನ್ನು. ಇಬ್ಬರು ಹೆಂಗಸರು ಮಾತಿಲ್ಲದೆ ಒಂದೇ ಅಡಿಗೆಮನೆಯಲ್ಲಿ ಎರಡು ಮಿಡಿಗಾಲ ಕಳೆದಿದ್ದಾರೆ. ಭಾರದ ಭರಣಿ ಎತ್ತುವಾಗ ಒಬ್ಬರು ಇನ್ನೊಬ್ಬರನ್ನು ಹೇಗೆ ಕರೆದರು? ಮಗುವಿನ ಕೈಲಿ ಹೇಳಿ ಕಳಿಸಿದರಾ? ಕೊನೆಗೆ ಮೊದಲ ಮಾತು ಯಾರು ಆಡಿದರು? ಹೇಳಿದರೆ ಕೇಳಿಸಿಕೊಳ್ಳಿ, ಬರೆಯಬೇಡಿ ಅಂದರೆ ಬರೆಯಬೇಡಿ. ಬರೆದರೆ ಅಚ್ಚಿಗೆ ಕೊಡುವ ಮೊದಲು ಅವರಿಗೆ ಓದಲು ಕೊಡಿ. ನಿಮ್ಮ ತಮ್ಮನಿಗಿಂತ ಮೊದಲೇ.

ಹಳೇ ಫೋಟೋಗಳ ಹಿಂದೆ ಪೆನ್ಸಿಲ್‌ನಲ್ಲಿ ಹೆಸರು ಬರೆಸುವ ಕೆಲಸವನ್ನೂ ಈಗಲೇ ಮುಗಿಸಿ, ಗುರುತು ಹಿಡಿಯುವವರಿಗೂ ವಯಸ್ಸಾಗುತ್ತಿದೆ. 16 ಪುಟ ಸಾಕು. ಅದರಲ್ಲಿ ಒಂದು ಪುಟ ಮಗಳಿಗೆ ಬಿಡಿ, ಕಾಗುಣಿತ ಬಿಟ್ಟು ಬೇರೇನೂ ತಿದ್ದಬೇಡಿ. 'ಒದ್ದೆ ಕೈ ಹಾಕಡ ಕೂಸೇ' ಅಂತ ಅಜ್ಜಿ ಕೂಗುತ್ತಿದ್ದದ್ದನ್ನು ನಿಮ್ಮ ಪುಟದಲ್ಲೇ ಅಂಚಿಗೆ ಸಣ್ಣದಾಗಿ ಗೀಚಿದ್ದಾಳೆ. ನೋಡಿದಿರಾ? ಈ ನಾಲ್ಕು ಪುಟದಲ್ಲಿ ನನಗೆ ಆಯಿಯ ಧ್ವನಿ ಕೇಳಿದ್ದು ಅಲ್ಲೊಂದೇ ಕಡೆ.

ಭರಣಿಯನ್ನು ಹಾಗೇ ಇಟ್ಟುಕೊಂಡು ಕೂರಬೇಡಿ. ವರ್ಷಾಂತದ ಮಾರನೇ ದಿನ ಬೆಳಿಗ್ಗೆ, ಉಳಿದವರೆಲ್ಲ ಗಂಜಿಗೆ ಕೂತಾಗ ತೆಗೆಯಿರಿ. ಒಣ ಚಮಚ ಹಾಕಿ. ಮಗಳು ನೋಡ್ತಿರ್ತಾಳೆ.