ಕಂಪ್ಯೂಟರ್ ಕಟ್ಟೆ: ಕೋಟೆ ದೊಡ್ಡದಾಯಿತು, ಆಟ ತೆವಳುತ್ತಿದೆ

ಪ್ರಶ್ನೆ: ಕುಳ್ಳರಿಂದ ಕೋಟೆ ಕಟ್ಟಿಸುವ ಕಂಪ್ಯೂಟರ್ ಆಟ ಡ್ವಾರ್ಫ್ ಫೋರ್ಟ್ರೆಸ್ ಆಡುತ್ತಿದ್ದೇನೆ. ಕೋಟೆಯಲ್ಲಿ 170 ಕುಳ್ಳರಾದ ಮೇಲೆ ಆಟ ತುಂಬಾ ನಿಧಾನ. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಎಣಿಕೆ) 18, ಪಕ್ಕದ ಬ್ರಾಕೆಟ್‌ನಲ್ಲಿ 50 ಅಂತ ತೋರಿಸುತ್ತದೆ. ಮುಂಬೈನ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಅಂದರು. ಹಾಕಿಸಲಾ?
ಓದುಗ, ಡೊಂಬಿವಲಿ

ಉತ್ತರ: ಬೇಡ, ದುಡ್ಡು ಜೇಬಲ್ಲೇ ಇರಲಿ. ಬ್ರಾಕೆಟ್ ಒಳಗಿನ 50 ಅಂದರೆ ಚಿತ್ರ ಬಿಡಿಸುವ ವೇಗ, ಅದು ಸರಿಯಾಗೇ ಇದೆ. ಹೊರಗಿನ 18 ಆಟ ಲೆಕ್ಕ ಹಾಕುವ ವೇಗ. ಅದರ ಮಾಮೂಲಿ ಮಿತಿ 100. ಈ ಲೆಕ್ಕ ಪ್ರೊಸೆಸರ್‌ನ ಕೆಲಸ, ಅದೂ ಬಹುಪಾಲು ಅದರೊಳಗಿನ ಒಂದೇ ಲೆಕ್ಕದ ಘಟಕದ, ಅಂದರೆ ಒಂದೇ ಕೋರ್‌ನ ಮೇಲೆ. ಬೆಳಗ್ಗೆ ನಿಮ್ಮ ಸ್ಟೇಷನ್ನಿನಲ್ಲಿ ಎಲ್ಲರೂ ಒಂದೇ ಫಾಸ್ಟ್ ಲೋಕಲ್‌ಗೆ ಮುಗಿಬೀಳುತ್ತಾರಲ್ಲ, ಹಾಗೆ.

ಜಾಸ್ತಿ ತಿನ್ನುವುದು ದಾರಿ ಹುಡುಕುವ ಲೆಕ್ಕ. ಕುಳ್ಳರಷ್ಟೇ ಅಲ್ಲ, ಓಡಾಡುವ ಪ್ರತಿ ಪ್ರಾಣಿಗೂ ಅದು ನಡೆಯುತ್ತದೆ. ಮೊದಲು ಬೆಕ್ಕುಗಳನ್ನು ಎಣಿಸಿ. ನಗಬೇಡಿ, ಬಹಳ ಕೋಟೆಗಳು ಮಲಗಿದ್ದು ಬೆಕ್ಕಿನಿಂದಲೇ. ಬೆಕ್ಕು ತಾನಾಗಿಯೇ ಒಬ್ಬ ಯಜಮಾನನನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಅದನ್ನು ಕಡಿಯಲು ಆಟ ಬಿಡುವುದಿಲ್ಲ. ಹಾಗಾಗಿ ಮರಿಗಳಿದ್ದಾಗಲೇ ಪಂಜರಕ್ಕೆ ಹಾಕಿ, ಗಂಡುಗಳಿಗೆ ಬೀಜ ಒಡೆಸಿ. ಪಂಜರದಲ್ಲಿರುವ ಪ್ರಾಣಿ ದಾರಿ ಹುಡುಕುವುದಿಲ್ಲ.

ಆಮೇಲೆ ಕಲ್ಲು. ಅಗೆದಾಗ ಸಿಕ್ಕ ಒಂದೊಂದು ಕಲ್ಲೂ, ಸತ್ತ ಶತ್ರು ಗಾಬ್ಲಿನ್‌ನ ಹರಿದ ಕಾಲುಚೀಲವೂ ಆಟಕ್ಕೆ ಲೆಕ್ಕ ಇಡಬೇಕಾದ ಒಂದೊಂದು ವಸ್ತುವೇ. ಎಲ್ಲಾ ಒಂದು ಕಡೆ ರಾಶಿ ಹಾಕಿಸಿ, ಮೇಲೆತ್ತಿದ ತೂಗುಸೇತುವೆಯನ್ನು ಅದರ ಮೇಲೆ ಇಳಿಸಿ. ಅಡಿಯಲ್ಲಿದ್ದದ್ದು ಹೇಳಹೆಸರಿಲ್ಲದೆ ಮಾಯ. ಕುಳ್ಳರು ಮಾತ್ರ ಆ ಹೊತ್ತಿಗೆ ಅಲ್ಲಿ ನಿಂತಿರಬಾರದು, ಅಷ್ಟೆ. ಬೇಡದ ಹಳೆಯ ಸುರಂಗಗಳಿಗೆ ಗೋಡೆ ಕಟ್ಟಿಸಿ. ಚೆಂದಕ್ಕೆ ಅಂತ ಮಾಡಿದ ಜಲಪಾತ ಇದ್ದರೆ ನಿಲ್ಲಿಸಿ, ಹರಿಯುವ ನೀರಿಗೂ ಲೆಕ್ಕ ನಡೆಯುತ್ತಲೇ ಇರುತ್ತದೆ. ಸೆಟ್ಟಿಂಗ್‌ನಲ್ಲಿ ಹವಾಮಾನ ಆಫ್ ಮಾಡಬಹುದು. ತಾಪಮಾನವನ್ನೂ ಮಾಡಬಹುದು, ಆದರೆ ಅದಿಲ್ಲದೆ ಆಟ ಸಪ್ಪೆ, ನಾನಂತೂ ಮುಟ್ಟುವುದಿಲ್ಲ.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಆಡಿ, ಫ್ಯಾನಿನ ಧೂಳು ತೆಗೆಸಿ. ಮೇ ತಿಂಗಳ ಸೆಖೆಗೆ ಪ್ರೊಸೆಸರ್ ಕಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ದುಡ್ಡು ಹಾಕಲೇಬೇಕು ಅನಿಸಿದರೆ, ಒಂದು ಕೋರ್‌ನ ವೇಗ ಜಾಸ್ತಿ ಇರುವ ಪ್ರೊಸೆಸರ್‌ಗೆ ಹಾಕಿ.

ಪ್ರಶ್ನೆ: ಇದೇ ಆಟ ಈಗಷ್ಟೇ ಶುರು ಮಾಡುತ್ತಿದ್ದೇನೆ. ಮುಂದೆ ನಿಧಾನ ಆಗದಂತೆ ಏನು ಮಾಡಲಿ?
ಓದುಗಿ, ಪುಣೆ

ಉತ್ತರ: ಕೋಟೆಗೆ ಜಾಗ ಆರಿಸುವಾಗ 4×4 ಬಿಟ್ಟು 3×3 ತಗೊಳ್ಳಿ, 16 ಚೌಕದ ಬದಲು 9 ಆಗುತ್ತದೆ. ಜನಸಂಖ್ಯೆಯ ಮಿತಿಯನ್ನು ಸೆಟ್ಟಿಂಗ್‌ನಲ್ಲಿ ಈಗಲೇ 100ಕ್ಕೆ ಇಳಿಸಿ, ಕುಳ್ಳರು ವಲಸೆ ಬಂದ ಮೇಲೆ ವಾಪಸ್ ಕಳಿಸುವುದು ಕಷ್ಟ. ಬೆಕ್ಕು ಒಂದೇ ಸಾಕು.