ಹೊಳೆ ತಗ್ಗಿನಲ್ಲಿ, ಹೊಲ ದಿಬ್ಬದಲ್ಲಿ

ಮೈಸೂರಿನ ಓದುಗರೊಬ್ಬರ ಪತ್ರ: ‘ರಾಯಚೂರಿಗೆ ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಮೇಲೆ ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕಕ್ಕೆ ಸಿಗುವ ವಿಶೇಷ ಸವಲತ್ತು. ಆದರೂ ಬಡತನವೆಂದರೆ ಅದಕ್ಕೆ ಕಾರಣ ಭೂಗೋಳವಲ್ಲ, ದುಡಿಯುವ ಮನಸ್ಸಿಲ್ಲದಿರುವುದು. ಏನಂತೀರಿ?’

ಸಂಪಾದಕರ ಉತ್ತರ:

ದುಡಿಮೆಯ ಮಾತು ಬಿಡಿ ಸ್ವಾಮಿ. ಬೆಂಗಳೂರಲ್ಲಿ ಕಟ್ಟಡ ಏಳುವ ಕಡೆ ತಗಡಿನ ಶೆಡ್ಡಿನಲ್ಲಿರುವವರ ಊರು ಕೇಳಿ ನೋಡಿ. ರಾಯಚೂರಿನ ದೇವದುರ್ಗ, ಲಿಂಗಸುಗೂರು, ಪಕ್ಕದ ಯಾದಗಿರಿಯ ಸುರಪುರ ಎಂಬ ಉತ್ತರ ಸಿಕ್ಕೇ ಸಿಗುತ್ತದೆ.

ದೇವದುರ್ಗದ ಅಂಚಿಗೇ ಕೃಷ್ಣೆ ಹರಿಯುತ್ತಾಳೆ, ನಿಜ. ಆದರೆ ಹೊಳೆ ತಗ್ಗಿನಲ್ಲಿ, ಹೊಲ ದಿಬ್ಬದಲ್ಲಿ. ನಾರಾಯಣಪುರ ಬಲದಂಡೆ ಕಾಲುವೆ ಮುಟ್ಟದ ಕಡೆ ಮೋಟಾರು, ಪೈಪು, ಕರೆಂಟು ಹೊಂದಿಸಿಕೊಂಡವನಿಗಷ್ಟೇ ನೀರು. ಉಳಿದವರು ಮಳೆ ನಂಬಿ ತೊಗರಿ, ಸಜ್ಜೆ ಬಿತ್ತುತ್ತಾರೆ. ರಾಶಿ ಮುಗಿಯಿತೋ, ಗುಳೆ. ಮನೆಗೆ ಬೀಗ, ಇಲ್ಲವೇ ಮುದುಕರ ಕಾವಲು.

ಹಾಗಂತ ಎಲ್ಲವನ್ನೂ ಮಳೆ–ಮಣ್ಣಿನ ತಲೆಗೆ ಕಟ್ಟುವಂತಿಲ್ಲ. ಅದೇ ಜಿಲ್ಲೆಯ ಸಿಂಧನೂರು ನೋಡಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟ ಮೇಲೆ ಆಂಧ್ರದ ರೈತರು ಬಂದು ಅಗ್ಗದ ಒಣಭೂಮಿ ಕೊಂಡರು, ಕ್ಯಾಂಪು ಕಟ್ಟಿ ಭತ್ತ ನೆಟ್ಟರು. ಮಳೆ ಹೆಚ್ಚಾಗಲಿಲ್ಲ, ಎರೆಮಣ್ಣು ಬದಲಾಗಲಿಲ್ಲ, ರೈಸ್‌ಮಿಲ್ಲುಗಳು ಮಾತ್ರ ಸಾಲುಗಟ್ಟಿದವು. ಭೂಮಿ ಮಾರಿದವರಲ್ಲಿ ಎಷ್ಟೋ ಮಂದಿ ಅದೇ ಗದ್ದೆಗೆ ಕೂಲಿಗೆ ಹೋದರು ಅನ್ನುವುದನ್ನೂ ಮರೆಯಬಾರದು.

ಇನ್ನು ಕಾಲುವೆಗೂ ಅದರದೇ ಭೂಗೋಳವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಬಹುಪಾಲು ಜಮೀನನ್ನು ಯೋಜಿಸಿದ್ದು ಕಡಿಮೆ ನೀರಿನ ಬೆಳೆಗಳಿಗೆ. ಮೇಲ್ಭಾಗದವರು ಭತ್ತ ಹಚ್ಚಿದರು. ಅತ್ತ ಹೂಳು ತುಂಬಿ, 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಸುಮಾರು 105ಕ್ಕೆ ಇಳಿದಿದೆ. ಮಾನ್ವಿ, ಸಿರವಾರದ ಕೊನೆಭಾಗದ ರೈತರು ಕಾಲುವೆಯ 69ನೇ ಮೈಲಿನ ಗೇಜಿನಲ್ಲಿ (ನೀರಿನ ಮಟ್ಟ ಅಳೆಯುವ ಕಡೆ) ಸಾಕಷ್ಟು ನೀರು ಇರಲಿ ಎಂದು ರಸ್ತೆಗಿಳಿಯುವುದು ಅದಕ್ಕೇ. ಮೇಲ್ಭಾಗದ ನಾಲ್ಕೆಕರೆಯವನು ಮನೆಗೆ ಸ್ಲ್ಯಾಬು ಹಾಕಿಸುತ್ತಾನೆ. ಕೊನೆಭಾಗದ ನಾಲ್ಕೆಕರೆಯವನು ಪೈರು ಉಳಿಸಿಕೊಳ್ಳಲು ಡೀಸೆಲ್ಲಿಗೆ ಸಾಲ ಎತ್ತುತ್ತಾನೆ. ಇಬ್ಬರ ಪಹಣಿಯಲ್ಲೂ ‘ನೀರಾವರಿ’ ಎಂದೇ ಇದ್ದೀತು!

ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲೂಕುಗಳ ಪೈಕಿ 114 ಹಿಂದುಳಿದವು ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. ದೊಡ್ಡ ಕೆಲಸವೇ. ಆದರೆ ತಾಲೂಕಿನ ಸರಾಸರಿಯಲ್ಲಿ ಕಾಲುವೆಯ ಮೇಲ್ಭಾಗವೂ ಕೊನೆಭಾಗವೂ ಒಂದೇ ಆಗಿಬಿಡುತ್ತವೆ.

371ಜೆ ಬಗ್ಗೆ: ಅದು ಸೀಟು, ನೌಕರಿಗಳಲ್ಲಿ ಮೀಸಲು ಕೊಡುತ್ತದೆ, ಅಭಿವೃದ್ಧಿ ಮಂಡಳಿಗೆ ದಾರಿ ಮಾಡಿದೆ. ಬೇಕಾದದ್ದೇ. ಆದರೆ ಸೀಟು ಕೇಳಲು ಮೊದಲು ಪಿಯುಸಿ ಮುಗಿದಿರಬೇಕು. ಜನವರಿಯಲ್ಲಿ ಅಪ್ಪ–ಅವ್ವನ ಜತೆ ಗುಳೆ ಹೊರಡುವ ಹುಡುಗಿ ಆ ವರ್ಷದ ಪರೀಕ್ಷೆಗೇ ಕೂರುವುದಿಲ್ಲ.